ಎಂಜಿನ್ ದೊಡ್ಡದಾಯಿತು, ಆಕ್ಸಲ್‌ಗೆ ಏನು ಮಾಡೋಣ?

ಮಳೆಗಾಲ ಮುಗಿಯುತ್ತಿದ್ದಂತೆ ಬೆಳಗಾವಿ ಉದ್ಯಮಬಾಗದ ನಮ್ಮ ಶೆಡ್ಡಿಗೆ ಒಂದು ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಬಂತು. ಮೊದಲಿದ್ದ 1600 ಸಿಸಿ ಎಂಜಿನ್‌ಗೆ ದೊಡ್ಡ ಸಿಲಿಂಡರ್ ಕೂರಿಸಿ 1776 ಸಿಸಿ ಮಾಡಿದ್ದರು. ಕಾರ್ಬ್ಯುರೇಟರ್ ಎರಡು. ಹಿಂದೆ ಅಗಲ ಟೈರು. ನೋಡಲು ಚೆಂದ ಇರಲಿ ಅಂತ ಕಾರನ್ನು ನೆಲಕ್ಕೆ ಇಳಿಸಿದ್ದರು. ಚೋರ್ಲಾ ಘಾಟ್ ಹತ್ತುವಾಗ ಹಿಂದಿನಿಂದ ಟಕ್ ಟಕ್ ಸದ್ದು ಬರುತ್ತದೆ ಅನ್ನುವುದು ದೂರು.

"ಕಾಕಾ, ಪವರ್ ಜಾಸ್ತಿ ಆಗೇತಿ, ಜಾಯಿಂಟ್ ತಾಳವಲ್ಲವು. ಪೋರ್ಶೆದ್ದು ದೊಡ್ಡ ಜಾಯಿಂಟ್ ಹಾಕಿಬಿಡ್ರಿ. ಖರ್ಚಿಂದು ಚಿಂತಿ ಬ್ಯಾಡ" ಅಂದ ಕಾರಿನ ಮಾಲೀಕ ಹುಡುಗ. ಜಾಯಿಂಟ್ ಅಂದರೆ ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟಿನ ತುದಿಯ ಕೀಲು.

ಖರ್ಚಿನ ಚಿಂತೆ ಬೇಡ ಅನ್ನುವ ಗಿರಾಕಿ ವರ್ಷಕ್ಕೊಬ್ಬ ಸಿಕ್ಕರೆ ಪುಣ್ಯ. ಆದರೂ ಅವತ್ತು ನಾನು ಕ್ಯಾಟಲಾಗ್ ತೆಗೆಯಲಿಲ್ಲ, ಜಾಕ್ ತೆಗೆದೆ.

ಕಾರಿನ ಕೆಳಗೆ ಹೋದ ಕೂಡಲೇ ನೋಡಬೇಕಾದ್ದು ಕೀಲುಗಳನ್ನು ಮುಚ್ಚುವ ರಬ್ಬರ್ ಬೂಟುಗಳನ್ನು. ಒಂದೊಂದು ಬದಿಗೆ ಎರಡು ಬೂಟಿದ್ದರೆ ಸಿವಿ ಜಾಯಿಂಟ್ (ಓರೆಯಾದರೂ ಒಂದೇ ವೇಗದಲ್ಲಿ ತಿರುಗಿಸುವ ಕೀಲು) ಇರುವ ಕಾರು, ಒಟ್ಟು ನಾಲ್ಕು ಜಾಯಿಂಟ್. ಗೇರ್‌ಬಾಕ್ಸ್ ಪಕ್ಕ ಮಾತ್ರ ಒಂದು ದಪ್ಪ ಬೂಟಿದ್ದರೆ ಅದು ಹಳೆಯ ಸ್ವಿಂಗ್ ಆಕ್ಸಲ್. ಅದರಲ್ಲಿ ಸಿವಿ ಜಾಯಿಂಟೇ ಇಲ್ಲ. ಚಕ್ರ ಮೇಲೆ ಕೆಳಗೆ ಆದಂತೆ ಆಕ್ಸಲ್ ಸಮೇತ ಓರೆಯಾಗುತ್ತದೆ. ಅಮೆರಿಕಕ್ಕೆ ಹೋದ ಬೀಟಲ್‌ಗಳಿಗೆ 1969ರ ಮಾಡೆಲ್‌ನಿಂದ ಎರಡು ಜಾಯಿಂಟಿನ ಆಕ್ಸಲ್ ಬಂತು. ಬೇರೆ ದೇಶಗಳಿಗೆ ಆಮೇಲೂ ಸ್ವಿಂಗ್ ಆಕ್ಸಲ್ ಕಾರುಗಳು ಹೋದವು. ಹಾಗಾಗಿ ಪೇಪರಿನಲ್ಲಿರುವ ವರ್ಷವನ್ನು ನಂಬಬೇಡಿ, ಬೂಟು ಎಣಿಸಿ.

ಈ ಜಾಯಿಂಟ್ ಯಾಕೆ ಬೇಕು ಅಂದರೆ, ಲಾರಿಯ ಕೆಳಗೆ ಉದ್ದಕ್ಕೆ ತಿರುಗುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಅಂದರೆ ಕೂಡು ಗುರುತಿನ ಆಕಾರದ ಕೀಲು, ನೆನಪಿಸಿಕೊಳ್ಳಿ. ಕ್ರಾಸ್ ಓರೆಯಾಗಿ ತಿರುಗಿದರೆ ಆ ಕಡೆಯ ಶಾಫ್ಟ್ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಒಂದು ಸುತ್ತಿನಲ್ಲಿ ಎರಡು ಸಲ ಮುಂದೆ ಓಡಿ, ಎರಡು ಸಲ ಹಿಂದೆ ಬೀಳುತ್ತದೆ. 20 ಡಿಗ್ರಿ ಓರೆಗೆ ಈ ಏರುಪೇರು ಆಚೆಗೂ ಈಚೆಗೂ 6 ಪರ್ಸೆಂಟ್. ಚಕ್ರಕ್ಕೆ ಇದು ಆಗಿಬರುವುದಿಲ್ಲ. 1920ರ ದಶಕದಲ್ಲಿ ಫೋರ್ಡ್‌ನ ಎಂಜಿನಿಯರ್ ಆಲ್ಫ್ರೆಡ್ ಝೆಪ್ಪಾ ಆರು ಗುಂಡುಗಳ ಜಾಯಿಂಟ್ ಮಾಡಿದ. ಶಾಫ್ಟ್ ಎಷ್ಟೇ ಓರೆಯಾಗಲಿ, ಗುಂಡುಗಳು ಆ ಕೋನದ ಸರಿಯಾಗಿ ನಡುವೆ ನಿಲ್ಲುತ್ತವೆ. ಹಾಗಾಗಿ ಎರಡೂ ಕಡೆ ಒಂದೇ ವೇಗ. ಬೀಟಲ್‌ನಲ್ಲಿರುವುದು ಅದರ ಸೋದರ. ಓರೆಯೂ ಆಗುತ್ತದೆ, ಒಳಗೆ ಹೊರಗೆ ಜಾರುತ್ತದೆ ಕೂಡ.

ಈಗ ಪವರ್ ವಿಷಯ. ಹುಡುಗನ ಲೆಕ್ಕ ಸರಳ: ಎಂಜಿನ್ ದೊಡ್ಡದು, ಆದ್ದರಿಂದ ಜಾಯಿಂಟಿಗೆ ಭಾರ ಜಾಸ್ತಿ. ನಾವು ಹಳೇ ಬಿಲ್ಲಿನ ಹಿಂದೆ ಪೆನ್ಸಿಲ್‌ನಿಂದ ಬರೆದು ನೋಡಿದೆವು. ಹಳೆಯ 1600 ಎಂಜಿನ್ನಿನ ಟಾರ್ಕ್, ಅಂದರೆ ತಿರುಚುವ ಬಲ, ಸುಮಾರು 106 ನ್ಯೂಟನ್ ಮೀಟರ್. ಮೊದಲ ಗೇರು ಸುಮಾರು 3.8 ಪಟ್ಟು, ಗೇರ್‌ಬಾಕ್ಸಿನ ಕೊನೆಯ ಹಲ್ಲುಜೋಡಿಯಾದ ಕ್ರೌನ್ ಪಿನಿಯನ್ ಸುಮಾರು 4 ಪಟ್ಟು ಹೆಚ್ಚಿಸುತ್ತವೆ. ಎರಡೂ ಸೇರಿ 15 ಪಟ್ಟು ಅಂತಿಟ್ಟುಕೊಳ್ಳಿ. ಆಕ್ಸಲ್‌ಗಳಿಗೆ 1600 ನ್ಯೂಟನ್ ಮೀಟರ್ ಬಂತು, ಒಂದು ಬದಿಗೆ 800. ಹೊಸ ಎಂಜಿನ್ 140 ಕೊಡುತ್ತದೆ ಅಂದರೆ ಒಂದು ಬದಿಗೆ 1050.

ಆದರೆ ಟೈರು ರಸ್ತೆಯನ್ನು ಹಿಡಿದಿರಬೇಕಲ್ಲ? ಹಿಂದಿನ ಎರಡು ಚಕ್ರಗಳ ಮೇಲೆ ಡ್ರೈವರ್ ಸೇರಿ 550 ಕೆಜಿ, ಒಣ ಡಾಂಬರಿನ ಹಿಡಿತ 0.9, ಚಕ್ರದ ತ್ರಿಜ್ಯ 30 ಸೆಂ.ಮೀ. ಗುಣಿಸಿದರೆ ಒಂದು ಬದಿಗೆ ಸುಮಾರು 730 ನ್ಯೂಟನ್ ಮೀಟರ್. ಅದಕ್ಕಿಂತ ಜಾಸ್ತಿ ಕೊಟ್ಟರೆ ಟೈರು ಜಾರುತ್ತದೆ, ಜಾಯಿಂಟಿಗೆ ಬರುವುದಿಲ್ಲ. ಅಂದರೆ ಮೊದಲ ಗೇರಿನಲ್ಲಿ ಹಳೆಯ ಎಂಜಿನ್ನೇ ಟೈರಿನ ಮಿತಿ ಮುಟ್ಟುತ್ತಿತ್ತು!

ಹುಡುಗ ಚೀಟಿಯನ್ನು ಎರಡು ಸಲ ತಿರುಗಿಸಿ ನೋಡಿದ. ಹಂಗಾದ್ರ ಮುರಿಯೋದು ಯಾಕ ಅಂದ.

ಮುರಿಯುವುದು ಪೆಟ್ಟಿಗೆ. ಕ್ಲಚ್ ಪಕ್ಕನೆ ಬಿಟ್ಟಾಗ ಎಂಜಿನ್ ಜೊತೆ ತಿರುಗುವ ಭಾರದ ಚಕ್ರದಲ್ಲಿ (ಫ್ಲೈವೀಲ್) ಕೂಡಿದ್ದ ಶಕ್ತಿ ಒಂದೇ ಏಟಿಗೆ ಶಾಫ್ಟಿನ ಮೇಲೆ ಬೀಳುತ್ತದೆ. ರೋಡ್ ಹಂಪ್ ಮೇಲೆ ಚಕ್ರ ಗಾಳಿಯಲ್ಲಿ ಎದ್ದು, ಆಕ್ಸಲರೇಟರ್ ಒತ್ತಿದ ಹಾಗೇ ನೆಲಕ್ಕೆ ಬಿದ್ದರೂ ಅದೇ ಕಥೆ. ಅಂಟಿಕೊಳ್ಳುವ ಅಗಲ ಟೈರು ಇದ್ದರೆ ಜಾರಿ ತಪ್ಪಿಸಿಕೊಳ್ಳುವ ದಾರಿಯೂ ಬಂದ್. ಅದಕ್ಕೇ ನಾನು ಎಷ್ಟು ಸಿಸಿ ಅಂತ ಕೇಳುವ ಮುಂಚೆ ಟೈರು ಯಾವುದು, ಕಾರು ಎಷ್ಟು ಇಳಿಸಿದ್ದೀರಿ ಅಂತ ಕೇಳುತ್ತೇನೆ.

ಇಳಿಸುವುದರಲ್ಲಿ ಏನಾಗುತ್ತದೆ ಅಂದರೆ, ಗೇರ್‌ಬಾಕ್ಸ್ ಕೆಳಗೆ ಬರುತ್ತದೆ, ಚಕ್ರ ಇದ್ದಲ್ಲೇ ಇರುತ್ತದೆ. ಶಾಫ್ಟ್ ಹೊರಗಡೆ ಮೇಲೇರಿ ಓರೆ ನಿಲ್ಲುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಚಕ್ರ ನಿಮಿಷಕ್ಕೆ ಸುಮಾರು 700 ಸುತ್ತು ತಿರುಗುತ್ತದೆ. ಪ್ರತಿ ಸುತ್ತಿಗೂ ಪ್ರತಿ ಗುಂಡು ತನ್ನ ತೋಡಿನಲ್ಲಿ (ಗ್ರೂವ್) ಒಮ್ಮೆ ಹೋಗಿ ಬರಬೇಕು. ಓರೆ ಜಾಸ್ತಿಯಾದಷ್ಟು ಓಡಾಟ ಜಾಸ್ತಿ, ಬಿಸಿ ಜಾಸ್ತಿ. ಗ್ರೀಸ್ ತೆಳುವಾಗುತ್ತದೆ, ಬೂಟ್ ಹರಿಯುತ್ತದೆ. ಆಮೇಲೆ ಖಾನಾಪುರದ ಕಡೆಯ ಕೆಮ್ಮಣ್ಣು, ಬೈಲಹೊಂಗಲದ ಎರಿ ಮಣ್ಣಿನ ಕೆಸರು ಒಳಗೆ ಹೋದರೆ ಗ್ರೀಸ್ ಹೋಗಿ ಸಾಣೆ ಹಿಟ್ಟಾಗುತ್ತದೆ. ಹಾಗಂತ ಶಾಫ್ಟ್ ದಾರ ಹಿಡಿದಂತೆ ನೆಟ್ಟಗಿದ್ದರೂ ಒಳ್ಳೆಯದಲ್ಲ. ಗುಂಡುಗಳು ಒಂದೇ ಜಾಗದಲ್ಲಿ ಕೂತು ಅಲ್ಲೇ ಗುಳಿ ಬೀಳಿಸುತ್ತವೆ. ಸ್ವಲ್ಪ ಓರೆ ಇರಲಿ.

ಸದ್ದಿನ ಬಗ್ಗೆ ಒಂದು ಮಾತು. ನಮ್ಮ ಹುಡುಗರೆಲ್ಲ ಮುಂದಿನ ಚಕ್ರ ಎಳೆಯುವ ಕಾರುಗಳಲ್ಲಿ ಕೆಲಸ ಕಲಿತವರು. ಸ್ಟೇರಿಂಗ್ ಪೂರ್ತಿ ತಿರುಗಿಸಿ ಟಕ್ ಟಕ್ ಕೇಳಿದರೆ ಜಾಯಿಂಟ್ ಹೋಯಿತು ಅನ್ನುತ್ತಾರೆ. ಬೀಟಲ್‌ನಲ್ಲಿ ಶಕ್ತಿ ಹೋಗುವುದು ಹಿಂದಿನ ಚಕ್ರಕ್ಕೆ, ಅದು ಸ್ಟೇರಿಂಗ್ ಜೊತೆ ಹೊರಳುವುದೇ ಇಲ್ಲ, ಆ ಪರೀಕ್ಷೆ ನಡೆಯುವುದಿಲ್ಲ. ಇಲ್ಲಿ ಆಕ್ಸಲರೇಟರ್ ಬಿಟ್ಟು ಮತ್ತೆ ಒತ್ತಿದಾಗ ಬರುವ ಟಕ್ ಸದ್ದನ್ನು ಕೇಳಬೇಕು.

ಈ ಕಾರಿನಲ್ಲಿ ಆ ಸದ್ದು ಎಡಗಡೆ ಒಳಗಿನ ಜಾಯಿಂಟಿನದು. ಕೈ ಹಾಕಿದರೆ ಆರು ಬೋಲ್ಟುಗಳಲ್ಲಿ ಮೂರು ಬೆರಳಲ್ಲೇ ತಿರುಗಿದವು. ಮೊದಲು ಯಾರೋ ಬೂಟ್ ಬದಲಿಸುವಾಗ ಫ್ಲ್ಯಾಂಜ್ (ಜಾಯಿಂಟ್ ಕೂರುವ ಚಪ್ಪಟೆ ಬಿಲ್ಲೆ) ಮೇಲೆ ಗ್ರೀಸ್ ಹಾಗೇ ಬಿಟ್ಟು ಬಿಗಿದಿದ್ದರು. ಇದು ಸಣ್ಣ ತಪ್ಪಲ್ಲ. ಜಾಯಿಂಟಿಗೂ ಫ್ಲ್ಯಾಂಜಿಗೂ ನಡುವೆ ಶಕ್ತಿ ಸಾಗಿಸುವುದು ಬೋಲ್ಟಿನ ಮೈ ಅಲ್ಲ. ಬೋಲ್ಟ್ ಎರಡನ್ನೂ ಅಪ್ಪಿ ಹಿಡಿಯುತ್ತದೆ, ಕೆಲಸ ಮಾಡುವುದು ಆ ಎರಡು ಮುಖಗಳ ಘರ್ಷಣೆ. ನಡುವೆ ಗ್ರೀಸ್ ಬಂದರೆ ಹಿಡಿತ ಹೋಯಿತು. ಆಗ ಜಾಯಿಂಟ್ ಕೂದಲೆಳೆಯಷ್ಟು ಅಲ್ಲಾಡುತ್ತದೆ, ಬೋಲ್ಟ್ ಸಡಿಲಾಗುತ್ತದೆ, ತೂತು ಮೊಟ್ಟೆಯಾಕಾರ ಆಗುತ್ತದೆ. ಇಲ್ಲಿ ಆಗಲೇ ಆಗಿತ್ತು. ಫ್ಲ್ಯಾಂಜಿನ ಮುಖ, ಬೋಲ್ಟಿನ ಥ್ರೆಡ್ ಎರಡನ್ನೂ ಥಿನ್ನರ್‌ನಿಂದ ಒರೆಸಿ, ಟಾರ್ಕ್ ರೆಂಚ್‌ನಲ್ಲಿ ಸುಮಾರು 35 ನ್ಯೂಟನ್ ಮೀಟರ್‌ಗೆ ಬಿಗಿಯಬೇಕು. ಬೋಲ್ಟಿನ ತಲೆಯಲ್ಲಿ ಹನ್ನೆರಡು ಮೂಲೆಯ ಗುಳಿ ಇದ್ದರೆ ಅದಕ್ಕೆ ಬೇರೆ ಬಿಟ್ ಬರುತ್ತದೆ. ಅಲೆನ್ ಕೀ ತುರುಕಿ ತಲೆ ಕೆಡಿಸಬೇಡಿ. ಆ ಬೋಲ್ಟ್ ಆಮೇಲೆ ಬರುವುದು ಉಳಿ ಸುತ್ತಿಗೆಗೆ ಮಾತ್ರ.

ಇಷ್ಟಾದ ಮೇಲೂ ದೊಡ್ಡದು ಬೇಕು ಅನ್ನುವವರಿಗೆ ದಾರಿ ಇದೆ. ಬೀಟಲ್ ಜಾಯಿಂಟಿನ ಹೊರ ಅಳತೆ 94 ಎಂಎಂ. ಫೋಕ್ಸ್‌ವ್ಯಾಗನ್ ವ್ಯಾನಿನದು 100 ಎಂಎಂ. 1975ರಲ್ಲಿ ಬಂದ ಪೋರ್ಶೆ 911 ಟರ್ಬೊ, ಅಂದರೆ 930, ಅದರದು 108 ಎಂಎಂ, ಬೋಲ್ಟು 10 ಎಂಎಂ. ಜಾಯಿಂಟ್ ಒಂದನ್ನೇ ತಂದರೆ ಸುಮ್ನೆ ಶೆಲ್ಫಿನಲ್ಲಿ ಇಡಬೇಕಾಗುತ್ತದೆ. ಗೇರ್‌ಬಾಕ್ಸ್ ಕಡೆಯ ಫ್ಲ್ಯಾಂಜ್, ಚಕ್ರದ ಕಡೆಯ ಸ್ಟಬ್ ಆಕ್ಸಲ್, ಶಾಫ್ಟಿನ ತುದಿಯ ಹಲ್ಲುಗಳಾದ ಸ್ಪ್ಲೈನ್, ಉದ್ದ, ಎಲ್ಲ ಹೊಂದಬೇಕು. ರಸ್ತೆಯಲ್ಲಿ ಓಡುವ 1776ಕ್ಕೆ 100 ಎಂಎಂ ಧಾರಾಳವಾಯಿತು ಅನ್ನುವುದು ನನ್ನ ಅಭಿಪ್ರಾಯ. ಇನ್ನೊಂದು ವಿಷಯ, ಏನಾದರೂ ಮುರಿಯಲೇಬೇಕು ಅಂದರೆ ಜಾಯಿಂಟ್ ಮುರಿಯಲಿ. ಅದನ್ನು ಬಲ ಮಾಡುತ್ತಾ ಹೋದರೆ ಪೆಟ್ಟು ಗೇರ್‌ಬಾಕ್ಸಿಗೆ ಹೋಗುತ್ತದೆ. ಹಳೇ ಬೀಟಲ್‌ನ ಕ್ರೌನ್ ಪಿನಿಯನ್ ಹುಡುಕುತ್ತಾ ಅಲೆದವರಿಗೆ ಈ ಮಾತು ಗೊತ್ತು.

ಶಾಫ್ಟ್ ಮಾಡಿಸುವುದಾದರೆ ನಮ್ಮ ಬೆಳಗಾವಿಯಲ್ಲಿ ಲೇಥಿಗೂ ಬರವಿಲ್ಲ, ಇಎನ್-24 ಉಕ್ಕಿಗೂ ಬರವಿಲ್ಲ. ತಿರುಚುವ ಬಲ ತಡೆಯುವ ಶಕ್ತಿ ವ್ಯಾಸದ ಘನದಂತೆ ಏರುತ್ತದೆ, 10 ಪರ್ಸೆಂಟ್ ದಪ್ಪ ಮಾಡಿದರೆ 33 ಪರ್ಸೆಂಟ್ ಬಲ. ಆದರೆ ಶಾಫ್ಟ್ ಒಂದು ಸ್ಪ್ರಿಂಗ್ ಕೂಡ. ಪೆಟ್ಟು ಬಿದ್ದಾಗ ಸ್ವಲ್ಪ ತಿರುಚಿ ಅದನ್ನು ನುಂಗಬೇಕು. ನಡುವೆ ದಪ್ಪ ಬಿಟ್ಟು ಸ್ಪ್ಲೈನ್ ಮಾತ್ರ ಸಣ್ಣಗಾದರೆ ಅಲ್ಲೇ ತುಂಡಾಗುತ್ತದೆ. ನಡುವಿನ ಮೈಯನ್ನು ಸ್ಪ್ಲೈನಿನ ಬುಡದ ಅಳತೆಗೆ ಇಳಿಸಬೇಕು. ಉದ್ದ ಸಾಲದು ಅಂತ ಕತ್ತರಿಸಿ ವೆಲ್ಡ್ ಮಾಡಿದ ಶಾಫ್ಟ್ ಒಂದು ನನ್ನ ಟೇಬಲ್ ಮೇಲಿದೆ, ಎರಡು ತುಂಡಾಗಿ. ಪೇಪರ್ ಹಾರದಂತೆ ಇಡಲು ಒಳ್ಳೆಯದು.

ಜಾಯಿಂಟ್ ಬಿಚ್ಚಿದರೆ ಗುಂಡು, ಪಂಜರ, ಒಳಸುತ್ತು ಒಂದಕ್ಕೊಂದು ಜೋಡಿ. ಬೇರೆ ಜಾಯಿಂಟಿನದರ ಜೊತೆ ಬೆರೆಸಬೇಡಿ. ತೋಡುಗಳ ನಡುವಿನ ಉಬ್ಬು ಒಂದು ಅಗಲ, ಒಂದು ಕಿರಿದು. ಹೊರಸುತ್ತಿನ ಅಗಲದ್ದಕ್ಕೆ ಒಳಸುತ್ತಿನ ಕಿರಿದು ಎದುರಾಗಬೇಕು, ಇಲ್ಲದಿದ್ದರೆ ಜಾಯಿಂಟ್ ಲಾಕ್. ಗ್ರೀಸ್ ಮಾಲಿಬ್ಡಿನಂ ಡೈಸಲ್ಫೈಡ್ ಇರುವಂಥದ್ದು, ಒಂದಕ್ಕೆ ಸುಮಾರು 90 ಗ್ರಾಂ.

ಹುಡುಗನ ಕಾರಿಗೆ ಹಾಳಾದ ಒಂದು ಜಾಯಿಂಟ್ ಬದಲಿಸಿದೆವು, ನಾಲ್ಕೂ ಬೂಟ್ ಹೊಸದು. ಎಡದ ಶಾಫ್ಟ್ ಬಲಕ್ಕೆ, ಬಲದ್ದು ಎಡಕ್ಕೆ. ಹೀಗೆ ಮಾಡಿದರೆ ಗುಂಡುಗಳು ತೋಡಿನ ಸವೆಯದ ಮಗ್ಗುಲನ್ನು ಒತ್ತುತ್ತವೆ, ಜಾಯಿಂಟಿಗೆ ಇನ್ನೊಂದಿಷ್ಟು ಆಯುಷ್ಯ. ಹಿಂಭಾಗವನ್ನು ಸ್ವಲ್ಪ ಎತ್ತಿದೆವು. ತಿರುಚಿಕೊಂಡು ಸ್ಪ್ರಿಂಗ್ ಕೆಲಸ ಮಾಡುವ ಸಲಾಕೆ ಟಾರ್ಶನ್ ಬಾರ್. ಅದರ ಒಳತುದಿಗೆ 40 ಹಲ್ಲು, ಹೊರತುದಿಗೆ 44. ಎರಡನ್ನೂ ಒಂದೊಂದು ಹಲ್ಲು ಎದುರುಬದುರು ತಿರುಗಿಸಿದರೆ ಒಂದು ಡಿಗ್ರಿಗೂ ಕಡಿಮೆ ಬದಲಾವಣೆ ಸಿಗುತ್ತದೆ, ಆಟ ಅಷ್ಟು ನಾಜೂಕು. ಆಮೇಲೆ ಶಾಕ್ ಅಬ್ಸಾರ್ಬರ್ ಬಿಚ್ಚಿ, ಚಕ್ರವನ್ನು ಪೂರ್ತಿ ಕೆಳಗಿನಿಂದ ಪೂರ್ತಿ ಮೇಲಿನವರೆಗೆ ಜಾಕ್‌ನಲ್ಲಿ ಎತ್ತುತ್ತಾ, ಶಾಫ್ಟನ್ನು ಕೈಯಲ್ಲಿ ತಿರುಗಿಸಿ ನೋಡಿದೆವು. ಎಲ್ಲೂ ಬಿಗಿಯಾಗಲಿಲ್ಲ, ತುದಿ ತಾಗಲಿಲ್ಲ.

200 ಕಿ.ಮೀ. ಓಡಿಸಿ ಬಾ, ಬೋಲ್ಟ್ ಮತ್ತೆ ನೋಡಬೇಕು ಅಂದಿದ್ದೆ. ಗೋವಾಕ್ಕೆ ಹೋಗಿ ಬಂದ. ಇಪ್ಪತ್ತನಾಲ್ಕರಲ್ಲಿ ಒಂದು ಬೋಲ್ಟ್ ಕಾಲು ಸುತ್ತು ತೆಗೆದುಕೊಂಡಿತು. ಸದ್ದು ಇಲ್ಲ. "ಹಂಗಾರ ಪೋರ್ಶೆದ್ದು, ಕಾಕಾ?" ಅಂತ ಇನ್ನೊಮ್ಮೆ ಕೇಳಿದ. ಮೊದಲು ಆ ಟೈರ್ ಸವೀಲಿ ಅಂದೆ.