ಸೆಂಟಿಮೀಟರಿನಿಂದ ಝಡ್ ಅಂಕಕ್ಕೆ, ಝಡ್ ಅಂಕದಿಂದ ಸೆಂಟಿಮೀಟರಿಗೆ

ಎರಡು ವರ್ಷ ತುಂಬಿದ ಗಂಡುಮಗುವಿನ ಎತ್ತರ 80 ಸೆಂ.ಮೀ. ಇದು ಕಡಿಮೆಯೋ ಸಾಕಷ್ಟೋ? ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಬೆಳವಣಿಗೆಯ ಕೋಷ್ಟಕದಲ್ಲಿ ಈ ವಯಸ್ಸಿನ ಗಂಡುಮಕ್ಕಳ ಮಧ್ಯಾಂಕ (ಅರ್ಧ ಮಕ್ಕಳು ಇದರ ಕೆಳಗೆ, ಅರ್ಧ ಮೇಲೆ) 87.1 ಸೆಂ.ಮೀ., ಮಾನಕ ವಿಚಲನೆ (ಅಳತೆಗಳು ನಡುವಿನಿಂದ ಎಷ್ಟು ಹರಡಿವೆ ಎಂಬುದರ ಮಾಪಕ) ಸುಮಾರು 3.06. 80ರಲ್ಲಿ 87.1 ಕಳೆದರೆ −7.1. ಅದನ್ನು 3.06ರಿಂದ ಭಾಗಿಸಿದರೆ −2.32. ಇದೇ ಝಡ್ ಅಂಕ. −2ರ ಕೆಳಗೆ ಕುಂಠಿತ ಬೆಳವಣಿಗೆ, −3ರ ಕೆಳಗೆ ತೀವ್ರ ಕುಂಠಿತ. ಅದೇ 80 ಸೆಂ.ಮೀ. ಹೆಣ್ಣುಮಗುವಿನದಾದರೆ ಮಧ್ಯಾಂಕ 85.7, ವಿಚಲನೆ 3.23. ಅಂಕ −1.76 ಬರುತ್ತದೆ, ಮಗು −2ರ ಗಡಿಗಿಂತ ಮೇಲೆಯೇ ಉಳಿಯುತ್ತದೆ.

ಮಾನಕ ವಿಚಲನೆಯನ್ನು ಒಂದು ಮೊಳ ಎಂದುಕೊಳ್ಳಿ. ಮೊಳದ ಉದ್ದ ಅಳೆಯುವವನ ಕೈಯನ್ನು ಅವಲಂಬಿಸಿರುವಂತೆ ಇಲ್ಲಿ ಅದು ಅಳೆಯಲ್ಪಡುವ ಗುಂಪನ್ನು ಅವಲಂಬಿಸಿದೆ. ನಡುವಿನಿಂದ ಎಷ್ಟು ಮೊಳ ದೂರ ಎಂಬುದಷ್ಟೇ ಝಡ್ ಅಂಕ. ಹಿಂದಕ್ಕೆ ಬರುವಾಗ ಗುಣಿಸಿ ಕೂಡಿಸಬೇಕು: −2ನ್ನು 3.06ರಿಂದ ಗುಣಿಸಿ 87.1ಕ್ಕೆ ಸೇರಿಸಿದರೆ 81.0 ಸೆಂ.ಮೀ. ಋಣ ಚಿಹ್ನೆ ಬಿಟ್ಟುಹೋಗುವುದು ಇಲ್ಲಿಯೇ. ಆಗ ಉತ್ತರ 93.2 ಬಂದು ಕೂರುತ್ತದೆ.

ಇಷ್ಟೆಲ್ಲ ಏಕೆ, ಮಧ್ಯಾಂಕದ ಶೇಕಡಾ ಇಷ್ಟು ಎಂದರೆ ಸಾಲದೇ ಎಂದು ಕೇಳುವವರಿದ್ದಾರೆ. ಭಾರತದಲ್ಲಿ ಬಹುಕಾಲ ತೂಕವನ್ನು ಹಾಗೆಯೇ ಅಳೆದರು, ಶೇ. 80 ಗಡಿಯಾಗಿತ್ತು. ಎರಡು ವರ್ಷದ ಗಂಡುಮಗುವಿನ ತೂಕದ ಮಧ್ಯಾಂಕ 12.15 ಕೆ.ಜಿ. ಅದರ ಶೇ. 80 ಎಂದರೆ 9.7 ಕೆ.ಜಿ., ಹೆಚ್ಚುಕಡಿಮೆ −2. ಎತ್ತರದ ಶೇ. 80 ತೆಗೆದರೆ 69.7 ಸೆಂ.ಮೀ. ಅದು −5.7! ಶೇಕಡಾವಾರು ಒಂದೇ, ಅರ್ಥದಲ್ಲಿ ಅಜಗಜಾಂತರ.

ತೂಕದ ವಿಷಯದಲ್ಲಿ ಇನ್ನೊಂದು ತೊಡಕಿದೆ. ಎತ್ತರದ ರೇಖೆ ಎಡಬಲ ಸಮನಾಗಿ ಇಳಿಯುತ್ತದೆ, ತೂಕದ್ದು ಬಲಕ್ಕೆ ಎಳೆದುಕೊಂಡಿರುತ್ತದೆ. ಎರಡು ವರ್ಷಕ್ಕೆ −3 ಎಂದರೆ 8.6 ಕೆ.ಜಿ., +3 ಎಂದರೆ 17.1. ಕೆಳಗೆ 3.6 ಕೆ.ಜಿ. ಅಂತರ, ಮೇಲೆ 4.9. ಮಧ್ಯಾಂಕದಿಂದ +1ರವರೆಗಿನ 1.4 ಕೆ.ಜಿ.ಯನ್ನೇ ವಿಚಲನೆ ಎಂದು ಹಿಡಿದು ಕೆಳಗೂ ಎಣಿಸಿದರೆ −3ರ ಗಡಿ 8 ಕೆ.ಜಿ.ಗೆ ಜಾರುತ್ತದೆ. 8.3 ಕೆ.ಜಿ. ಇರುವ ಮಗು, ತುರ್ತಾಗಿ ಗಮನ ಬೇಕಾದ ಮಗು, ಲೆಕ್ಕದಿಂದಲೇ ತಪ್ಪಿಹೋಗುತ್ತದೆ. ಈ ಓರೆಯನ್ನು ತಿದ್ದಲು ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞ ಟಿಮ್ ಕೋಲ್ ರೂಪಿಸಿದ ಎಲ್.ಎಂ.ಎಸ್. ವಿಧಾನ (ಓರೆ, ಮಧ್ಯಾಂಕ, ಹರಡಿಕೆ ಎಂಬ ಮೂರು ಸಂಖ್ಯೆಗಳ ಲೆಕ್ಕ) ಬಳಕೆಯಲ್ಲಿದೆ. ಎರಡು ವರ್ಷದ ಗಂಡುಮಕ್ಕಳ ತೂಕಕ್ಕೆ ಅದು ಬಹುತೇಕ ಲಾಗರಿದಮ್ ಲೆಕ್ಕವೇ: ತೂಕವನ್ನು ಮಧ್ಯಾಂಕದಿಂದ ಭಾಗಿಸಿ, ಸ್ವಾಭಾವಿಕ ಲಾಗ್ ತೆಗೆದು, ಹರಡಿಕೆಯ ಸಂಖ್ಯೆ 0.114ರಿಂದ ಭಾಗಿಸಿ. 9 ಕೆ.ಜಿ.ಗೆ −2.63 ಬರುತ್ತದೆ. ಹಿಂದಕ್ಕೆ ಬರಲು 0.114ರಿಂದ ಗುಣಿಸಿ, ಆಂಟಿಲಾಗ್ ತೆಗೆದು, ಮಧ್ಯಾಂಕದಿಂದ ಗುಣಿಸಬೇಕು. ಬೇರೆ ವಯಸ್ಸುಗಳಿಗೆ ಓರೆಯೂ ಹರಡಿಕೆಯೂ ಬೇರೆ, ಈ 0.114ನ್ನು ಅಲ್ಲಿಗೆ ಹೊತ್ತೊಯ್ಯಬಾರದು.

ಸೂತ್ರ ಸರಿಯಿದ್ದರೂ ಅಳತೆ ಕೆಡಬಹುದು. ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ, ಎರಡು ತುಂಬಿದ ಮೇಲೆ ನಿಲ್ಲಿಸಿ ಅಳೆಯಬೇಕು. ಮಲಗಿಸಿ ಅಳೆದರೆ 0.7 ಸೆಂ.ಮೀ. ಹೆಚ್ಚು ಬರುತ್ತದೆ. ವಯಸ್ಸಿನ ತಪ್ಪು ಇದಕ್ಕಿಂತ ದೊಡ್ಡದು. 22 ತಿಂಗಳ ಮಗುವನ್ನು ‘ಎರಡು ವರ್ಷ’ ಎಂದು ಬರೆದರೆ ಮಲಗಿಸಿ ಅಳೆದ ಉದ್ದದ ಮಧ್ಯಾಂಕ 86.0ರಿಂದ 87.8ಕ್ಕೆ ಏರುತ್ತದೆ. ಮಗು ಏನೂ ಬದಲಾಗದೆ ಅಂಕ ಸುಮಾರು 0.6ರಷ್ಟು ಕುಸಿಯುತ್ತದೆ.

ಮಗು ಬಡವಾದರೆ ದೃಷ್ಟಿ ತಾಗಿದೆ ಎಂದು ತಾಯತ ಕಟ್ಟುವವರು ಒಂದು ಕಡೆ, ‘ನಮ್ಮ ವಂಶವೇ ಕುಳ್ಳು’ ಎಂದು ಸುಮ್ಮನಾಗುವವರು ಇನ್ನೊಂದು ಕಡೆ. ಒಬ್ಬೊಬ್ಬ ಮಗುವಿಗೆ ತಂದೆತಾಯಿಯ ಎತ್ತರ ಲೆಕ್ಕಕ್ಕೆ ಬರುತ್ತದೆ, ನಿಜ. ಇಡೀ ಸಮುದಾಯಕ್ಕೆ ಈ ಸಮಾಧಾನ ಹೊಂದುವುದಿಲ್ಲ. ಕೋಷ್ಟಕಕ್ಕೆ ಆಧಾರವಾದ ಅಧ್ಯಯನ 1997ರಿಂದ 2003ರವರೆಗೆ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕಗಳಲ್ಲಿ ನಡೆಯಿತು. ಎದೆಹಾಲು, ಆರೋಗ್ಯಸೇವೆ, ಶುಚಿಯಾದ ವಾತಾವರಣ ಇದ್ದಲ್ಲಿ ದಿಲ್ಲಿಯ ಮಕ್ಕಳೂ ಓಸ್ಲೋದ ಮಕ್ಕಳೂ ಬಹುಮಟ್ಟಿಗೆ ಒಂದೇ ರೀತಿ ಬೆಳೆದರು.

ಇದಕ್ಕೆ ತದ್ವಿರುದ್ಧವಾದ ತಪ್ಪೊಂದಿದೆ: ಮಧ್ಯಾಂಕಕ್ಕಿಂತ ಸ್ವಲ್ಪ ಕೆಳಗಿದ್ದರೂ ರೋಗ ಎಂದು ಹೆದರುವುದು. ಇದರ ಬೇರು ಹಳೆಯದು. 19ನೇ ಶತಮಾನದಲ್ಲಿ ಬೆಲ್ಜಿಯಂನ ಖಗೋಳಜ್ಞ ಕೆಟ್ಲೆ, ವೀಕ್ಷಣೆಯ ದೋಷಗಳಿಗೆ ಬಳಸುತ್ತಿದ್ದ ಗಂಟೆಯಾಕಾರದ ರೇಖೆಯನ್ನು 5,738 ಸ್ಕಾಟಿಷ್ ಸೈನಿಕರ ಎದೆಯ ಸುತ್ತಳತೆಗೆ ಹೊಂದಿಸಿದ. ಸರಾಸರಿ ಮನುಷ್ಯನೇ ಆದರ್ಶ, ಉಳಿದವರು ಅದರಿಂದ ಜಾರಿದವರು ಎಂದು ಭಾವಿಸಿದ. ಆರೋಗ್ಯವಂತ ಮಕ್ಕಳಲ್ಲೂ ಅರ್ಧದಷ್ಟು ಮಧ್ಯಾಂಕದ ಕೆಳಗೇ ಇರುತ್ತಾರೆ, ಶೇ. 2.3ರಷ್ಟು ಮಕ್ಕಳು −2ರ ಕೆಳಗೂ ಇರುತ್ತಾರೆ.

ಆ 2.3ರ ಎದುರು, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಕುಂಠಿತರು ಶೇ. 35.4. ಇಲ್ಲಿ ಹಿಮ್ಮುಖ ಲೆಕ್ಕ ನಿಜವಾದ ಕೆಲಸಕ್ಕೆ ಬರುತ್ತದೆ. ಕೆಳಗಿನಿಂದ ಶೇ. 35.4ಕ್ಕೆ ಸಲ್ಲುವ ಝಡ್ −0.37. ಅಂದರೆ −2ರ ಗಡಿ ಇಲ್ಲಿನ ಮಕ್ಕಳ ಸರಾಸರಿಗಿಂತ ಬರೀ 0.37 ವಿಚಲನೆ ಕೆಳಗಿದೆ. ರೇಖೆಯ ಆಕಾರ ಹಾಗೇ ಇದ್ದು ವಿಚಲನೆ 1 ಎಂದಿಟ್ಟುಕೊಂಡರೆ ಸರಾಸರಿ −1.63ಕ್ಕೆ ಸರಿದಿರಬೇಕು. ಅಳತೆಯ, ವಯಸ್ಸಿನ ತಪ್ಪುಗಳು ವಿಚಲನೆಯನ್ನು ಹಿಗ್ಗಿಸುತ್ತವೆ, ಅದನ್ನು 1.6 ಎಂದಿಟ್ಟರೆ ಸರಾಸರಿ −1.40. ಮೊದಲ ಲೆಕ್ಕದಲ್ಲಿ 100ಕ್ಕೆ 95 ಮಕ್ಕಳು ಮಧ್ಯಾಂಕದ ಕೆಳಗಿರುತ್ತಾರೆ, ಎರಡನೆಯದರಲ್ಲಿ 81. ಇರಬೇಕಾದದ್ದು 50. ಕುಂಠಿತರ ಪಟ್ಟಿಗೆ ಸೇರದೆ −1.5ರಲ್ಲಿ ನಿಂತ ಮಗುವೂ ತನಗೆ ಸಲ್ಲಬೇಕಾದ ಸೆಂಟಿಮೀಟರುಗಳನ್ನು ಕಳೆದುಕೊಂಡಿರುವ ಸಾಧ್ಯತೆ ಹೆಚ್ಚು. ಮೊಟ್ಟೆ, ಹಾಲು, ಶುದ್ಧ ನೀರಿನ ಯೋಜನೆಯನ್ನು −2ರ ಕೆಳಗಿನವರಿಗಷ್ಟೇ ಸೀಮಿತ ಮಾಡಿದರೆ ಇಂಥ ಮಕ್ಕಳೆಲ್ಲ ಹೊರಗುಳಿಯುತ್ತಾರೆ.