ತಂಪು ನಾಡಿನ ಅಂಜೂರ ಬೆಳಗಾವಿಗೆ ಬಂದರೆ

ಲಂಡನ್, ಸಿಯಾಟಲ್, ವ್ಯಾಂಕೂವರ್‌ನಂಥ ತಂಪು ಊರುಗಳ ಹಿತ್ತಲಿನಲ್ಲಿ ಅಂಜೂರ ಬೆಳೆಯುವ ಹವ್ಯಾಸಿಗಳು ಬಹಳ ಜನ. ಅವರ ನಡುವೆ ಆಗಾಗ ಒಂದು ಸುದ್ದಿ ಓಡಾಡುತ್ತದೆ. ಯಾವುದೋ ಹಳೆಯ ಗೋಡೆಯ ಪಕ್ಕ ಹೆಸರಿಲ್ಲದ ಗಿಡವೊಂದು ಸಿಕ್ಕಿದೆ, ಅಲ್ಲಿನ ಹವೆಯಲ್ಲೂ ಸಿಹಿ ಹಣ್ಣು ಕೊಡುತ್ತದೆ, ಹೊಸ ತಳಿಯಂತೆ! ಇಂಥ ಸುದ್ದಿ ನಮ್ಮ ಕಡೆಗೂ ಬರುತ್ತದೆ. ಬೆಳಗಾವಿಯ ಹವೆ ತಂಪು, ಹಾಗಾದರೆ ತಂಪು ನಾಡಿನ ತಳಿ ನಮಗೆ ಹೇಳಿ ಮಾಡಿಸಿದ್ದು ಎಂದು ಯಾರಿಗಾದರೂ ಅನ್ನಿಸೀತು. ಅಂಥ ತಳಿಯಿಂದ ನಮಗೆ ಉಪಯೋಗ ಇದೆ ಎಂದೇ ನನ್ನ ನಂಬಿಕೆ. ಆದರೆ ಆ ಉಪಯೋಗ ಚಳಿಗೆ ಸಂಬಂಧಪಟ್ಟದ್ದಲ್ಲ.

ಚಳಿಯ ವಿಷಯ ಮೊದಲು ಮುಗಿಸಿಬಿಡೋಣ. ಎಲೆ ಉದುರಿಸಿ ವಿಶ್ರಾಂತಿಗೆ ಹೋದ ಅಂಜೂರದ ಟೊಂಗೆ ಸುಮಾರು ಮೈನಸ್ 10 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳುತ್ತದೆ. ಅದಕ್ಕೂ ಕೆಳಗಿಳಿದರೆ ಟೊಂಗೆ ಸತ್ತು, ಬೇರು ಬದುಕಿ, ವಸಂತದಲ್ಲಿ ಬುಡದಿಂದ ಮತ್ತೆ ಚಿಗುರುತ್ತದೆ. ನ್ಯೂಯಾರ್ಕಿಗೆ ವಲಸೆ ಹೋದ ಇಟಲಿಯವರು ಚಳಿಗಾಲಕ್ಕೆ ಮುಂಚೆ ಇಡೀ ಗಿಡವನ್ನು ಬಾಗಿಸಿ ಕಂದಕದಲ್ಲಿ ಮಲಗಿಸಿ ಮಣ್ಣು ಮುಚ್ಚುತ್ತಿದ್ದರು. ಬೆಳಗಾವಿಯಲ್ಲಿ ಜನವರಿಯ ರಾತ್ರಿ ಎಂಟು-ಹತ್ತು ಡಿಗ್ರಿಗಿಂತ ಕೆಳಗೆ ಇಳಿಯುವುದೇ ಅಪರೂಪ. ನಮ್ಮಲ್ಲಿ ಚಳಿಗೆ ಅಂಜೂರ ಸಾಯುವ ಮಾತೇ ಇಲ್ಲ. ಗಿಡಕ್ಕೆ ಇಷ್ಟು ಚಳಿ ಸಿಗಲೇಬೇಕು ಎಂಬ ಕಟ್ಟುಪಾಡೂ ಸೇಬಿಗೆ ಇರುವಂತೆ ಅಂಜೂರಕ್ಕಿಲ್ಲ. ಪುಣೆ ಪಕ್ಕದ ಪುರಂದರ ತಾಲ್ಲೂಕಿನಲ್ಲಿ, ನಮ್ಮ ಬಳ್ಳಾರಿಯಲ್ಲಿ ಅದು ಹಣ್ಣು ಕೊಡುತ್ತಿರುವುದೇ ಇದಕ್ಕೆ ಸಾಕ್ಷಿ.

ಹಾಗಾದರೆ ತಂಪು ನಾಡಿನವರು ಹೊಸ ತಳಿಗಾಗಿ ಇಷ್ಟು ಹುಡುಕಾಡುವುದು ಏಕೆ? ಅವರ ತೊಂದರೆ ದಿನಗಳ ಕೊರತೆ. ಕಾಯಿ ಕಾಣಿಸಿಕೊಂಡು ಹಣ್ಣಾಗಲು ಮೂರ್ನಾಲ್ಕು ತಿಂಗಳು ಬೇಕು, ಅಷ್ಟು ದಿನವೂ ಸಾಕಷ್ಟು ಬಿಸಿಲಿರಬೇಕು. ಅವರ ಬೇಸಿಗೆ ಅಷ್ಟರೊಳಗೆ ಮುಗಿದುಹೋಗುತ್ತದೆ. ಕಾಯಿ ಹಸಿರಾಗಿಯೇ ನಿಂತು, ಮೊದಲ ಹಿಮಕ್ಕೆ ಕಪ್ಪಾಗಿ ಉದುರುತ್ತದೆ.

ಇದನ್ನು ಗಿಡವೇ ಒಂದು ರೀತಿಯಲ್ಲಿ ನಿಭಾಯಿಸುತ್ತದೆ. ಅಂಜೂರಕ್ಕೆ ವರ್ಷಕ್ಕೆ ಎರಡು ಫಸಲು. ಹಿಂದಿನ ವರ್ಷದ ಟೊಂಗೆಯ ಮೇಲೆ ಬರುವುದು ಒಂದು, ಅದನ್ನು ತೋಟಗಾರಿಕೆಯಲ್ಲಿ ಬ್ರೆಬಾ ಎನ್ನುತ್ತಾರೆ. ಆ ವರ್ಷದ ಹೊಸ ಚಿಗುರಿನ ಮೇಲೆ ಬರುವ ಮುಖ್ಯ ಫಸಲು ಇನ್ನೊಂದು. ಇಂಗ್ಲೆಂಡಿನ ತೋಟಗಾರರು ಶರತ್ಕಾಲದಲ್ಲಿ ದೊಡ್ಡ ಹಸಿರು ಕಾಯಿಗಳನ್ನೆಲ್ಲ ನಿರ್ದಯವಾಗಿ ಕಿತ್ತುಹಾಕಿ, ಟೊಂಗೆಯ ತುದಿಯಲ್ಲಿರುವ ಬಟಾಣಿಯಷ್ಟು ಪುಟ್ಟ ಮೊಗ್ಗುಗಳನ್ನು ಮಾತ್ರ ಉಳಿಸುತ್ತಾರೆ. ದೊಡ್ಡ ಕಾಯಿ ಹೇಗೂ ಚಳಿಗೆ ಹಾಳಾಗುತ್ತದೆ; ಪುಟ್ಟದು ಬದುಕಿ ಮುಂದಿನ ಬೇಸಿಗೆಗೆ ತಿಂಗಳುಗಟ್ಟಲೆ ಮುನ್ನಡೆ ಪಡೆದು ಹಣ್ಣಾಗುತ್ತದೆ. ಗಿಡವನ್ನು ದಕ್ಷಿಣಕ್ಕೆ ಮುಖ ಮಾಡಿದ ಗೋಡೆಗೆ ಒತ್ತಿ ಬೆಳೆಸುತ್ತಾರೆ, ಬೇರು ಹಬ್ಬದಂತೆ ಇಕ್ಕಟ್ಟಾದ ಗುಂಡಿಯಲ್ಲಿ ನೆಡುತ್ತಾರೆ. ಬೇರು ಇಕ್ಕಟ್ಟಾದರೆ ಗಿಡ ಬರೀ ಎಲೆ ಬೆಳೆಸದೆ ಕಾಯಿ ಬಿಡುವತ್ತ ತಿರುಗುತ್ತದೆ.

ತಂಪು ನಾಡಿಗೆ ಹೊಂದುವ ತಳಿ ಎಂದರೆ ಎರಡರಲ್ಲೊಂದು: ಬ್ರೆಬಾ ಫಸಲು ಹೇರಳವಾಗಿ ಬರುವಂಥದ್ದು, ಇಲ್ಲವೇ ಮುಖ್ಯ ಫಸಲು ಬೇಗ ಹಣ್ಣಾಗುವಂಥದ್ದು. ಅಮೆರಿಕದ ವಾಯವ್ಯ ಕರಾವಳಿಯ ತಂಪು, ತೇವದ ಊರುಗಳಲ್ಲಿ ಅತಿ ಹೆಚ್ಚು ನಂಬಿಕೆ ಗಳಿಸಿದ ಡೆಸರ್ಟ್ ಕಿಂಗ್ ಮೊದಲ ಬಗೆಯದು. ಅದು ಸಿಕ್ಕಿದ್ದು ಎಲ್ಲಿ? 1920ರ ಸುಮಾರಿಗೆ, ಕ್ಯಾಲಿಫೋರ್ನಿಯಾದ ಮಡೇರಾ ಎಂಬ ಬಿರುಬಿಸಿಲಿನ ಕಣಿವೆಯಲ್ಲಿ! ರೋಂಡ್ ಡಿ ಬೋರ್ಡೊ ಎರಡನೆಯ ಬಗೆ, ಅದರ ಮುಖ್ಯ ಫಸಲು ಬೇಗ ಬರುತ್ತದೆ. ಚಿಕಾಗೋ ಹಾರ್ಡಿ ಇನ್ನೂ ಗಟ್ಟಿ. ಟೊಂಗೆಯೆಲ್ಲ ಸತ್ತರೂ ಬುಡದ ಚಿಗುರಿನಲ್ಲೇ ಅದೇ ವರ್ಷ ಹಣ್ಣು ಬಿಡಬಲ್ಲದು.

ಈಗ ನಮ್ಮ ನೆಲಕ್ಕೆ ಬರೋಣ. ಬೆಳಗಾವಿ ನಗರ ಇರುವುದು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿ. ಪಶ್ಚಿಮಕ್ಕೆ ಖಾನಾಪುರ, ಜಾಂಬೋಟಿಯ ಕಡೆ ಹೋದರೆ ಮಳೆಯ ಕಾಡು. ಪೂರ್ವಕ್ಕೆ ಬಾಗಲಕೋಟೆ, ವಿಜಯಪುರದ ಕಡೆ ನಡೆದರೆ ಮಳೆ ಅರ್ಧಕ್ಕೂ ಕೆಳಗಿಳಿದು ಎರಿಹೊಲ, ದ್ರಾಕ್ಷಿ, ದಾಳಿಂಬೆ. ಇಲ್ಲಿಯೂ ಅಂಜೂರಕ್ಕೆ ಕೊರತೆಯಿರುವುದು ಸರಿಯಾದ ದಿನಗಳೇ. ಹಿಮದ ಬದಲು ಆ ದಿನಗಳನ್ನು ಒಂದು ಕಡೆಯಿಂದ ಮಳೆ, ಇನ್ನೊಂದು ಕಡೆಯಿಂದ ಮೇ ತಿಂಗಳ ಉರಿಬಿಸಿಲು ಕತ್ತರಿಸುತ್ತವೆ. ಉಷ್ಣತೆ 40 ಡಿಗ್ರಿಯ ಹತ್ತಿರ ಹೋದರೆ ಹಣ್ಣು ಅವಸರವಾಗಿ ಮಾಗಿ ಸಿಪ್ಪೆ ಗಡುಸಾಗುತ್ತದೆ. ಮಾಗುವ ಹೊತ್ತಿಗೆ ಮಳೆ ಬಿದ್ದರೆ ಬಿರಿಯುತ್ತದೆ, ಹುಳಿಯುತ್ತದೆ. ಪುಣೆ ಕಡೆಯವರು ಮಳೆಗಾಲದ ಸುತ್ತ ಬರುವ ಫಸಲನ್ನು ಖಟ್ಟಾ (ಹುಳಿ) ಬಹಾರ್ ಎಂದೂ ಬೇಸಿಗೆಯದನ್ನು ಮೀಠಾ (ಸಿಹಿ) ಬಹಾರ್ ಎಂದೂ ಬೇರೆ ಮಾಡಿದ್ದಾರೆ. ಮಳೆ ಮುಗಿದ ಮೇಲೆ ಚಿಗುರಿ, ಉರಿಬಿಸಿಲಿಗೆ ಮುಂಚೆ ಹಣ್ಣಾಗುವ ಗಿಡ ನಮಗೆ ಬೇಕು. ಬೇಗ ಮಾಗುವ ಗುಣ ತಂಪು ನಾಡಿಗೆ ಎಷ್ಟು ಮುಖ್ಯವೋ ನಮಗೂ ಅಷ್ಟೇ ಮುಖ್ಯ.

ಇನ್ನೊಂದು ಗುಣವೂ ಎರವಲು ಪಡೆಯಲು ಯೋಗ್ಯವಾದದ್ದು, ನನ್ನ ದೃಷ್ಟಿಯಲ್ಲಿ ಇದು ಮೊದಲನೆಯದಕ್ಕಿಂತ ದೊಡ್ಡದು. ಅಂಜೂರದ ಕೆಳತುದಿಯಲ್ಲಿ ಒಂದು ಪುಟ್ಟ ರಂಧ್ರವಿದೆ, ಕಣ್ಣು ಅನ್ನೋಣ. ಮಳೆನೀರು, ಅದರ ಜೊತೆ ಯೀಸ್ಟ್, ಹುಳಿವಾಸನೆಗೆ ಬರುವ ನೊಣ ಎಲ್ಲವೂ ಒಳಹೋಗುವ ಬಾಗಿಲು ಅದೇ. ಸಿಯಾಟಲ್ ಕಡೆಯ ಬೆಳೆಗಾರರು ಹೊಸ ತಳಿ ನೋಡುವಾಗ ಕಣ್ಣು ಬಿಗಿಯಾಗಿದೆಯೇ, ಮಾಗುವಾಗ ಜೇನಿನಂಥ ಹನಿ ಅದನ್ನು ಮುಚ್ಚುತ್ತದೆಯೇ, ಹಣ್ಣು ಕುತ್ತಿಗೆ ಬಾಗಿಸಿ ಜೋತು ಬಿದ್ದು ನೀರು ಜಾರಿಸುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಖಾನಾಪುರದ ಅಂಚಿನಲ್ಲಿ ಅಂಜೂರ ನೆಡಬೇಕೆನ್ನುವವರು ನೋಡಬೇಕಾದದ್ದೂ ಇದನ್ನೇ.

ಕಣ್ಣಿನ ಮಾತು ಬಂದಾಗ ಕಣಜದ ಹುಳದ ಕಥೆ ಹೇಳದೆ ಮುಂದೆ ಹೋಗಲಾಗದು. ಅಂಜೂರ ಆಲ, ಅರಳಿ, ಅತ್ತಿ, ಬಸರಿಗಳ ಬಂಧು. ಈ ಕುಲದ ಎಲ್ಲ ಮರಗಳಲ್ಲೂ ಹೂಗೊಂಚಲು ಒಳಮುಖವಾಗಿ ಮಡಚಿಕೊಂಡು ಕಾಯಿಯಂತೆ ಕಾಣುತ್ತದೆ, ನೂರಾರು ಪುಟ್ಟ ಹೂಗಳು ಒಳಗೇ ಅರಳುತ್ತವೆ. ಪರಾಗ ತಲುಪಿಸುವ ಕಣಜ ಕಣ್ಣಿನಿಂದಲೇ ನುಗ್ಗಬೇಕು. ಅತ್ತಿಹಣ್ಣು ಬಿಡಿಸಿದರೆ ಪುರ್ರನೆ ಹಾರುವ ಹುಳಗಳು ಇಂಥವೇ. ಬೆಳಗಾವಿ ಜಿಲ್ಲೆಯ ಜೈನ ಮನೆತನಗಳಲ್ಲಿ ಆಲ, ಅರಳಿ, ಅತ್ತಿ ಸೇರಿದಂತೆ ಐದು ಉದುಂಬರ ಫಲಗಳನ್ನು ವರ್ಜಿಸುತ್ತಾರೆ, ಅಂಜೂರವನ್ನೂ ಆ ಸಾಲಿಗೇ ಸೇರಿಸಿ ಬಿಡುವವರು ಹೆಚ್ಚು. ಕಾಯಿಯೊಳಗೆ ಜೀವ ಇದೆ ಎಂಬ ಆ ವ್ರತದ ಗಮನಿಕೆ ಸಸ್ಯಶಾಸ್ತ್ರಕ್ಕೂ ಒಪ್ಪುವಂಥದ್ದು.

ಅಂಜೂರದಲ್ಲಿ ಮಾತ್ರ ಒಂದು ವಿಶೇಷ ನಡೆದಿದೆ. ತುರ್ಕಿಯ ಸ್ಮಿರ್ನಾ ಬಗೆಗೆ ಕಣಜ ಬೇಕೇ ಬೇಕು. 1880ರ ದಶಕದಲ್ಲಿ ಕ್ಯಾಲಿಫೋರ್ನಿಯಾಕ್ಕೆ ಒಯ್ದ ಸ್ಮಿರ್ನಾ ಗಿಡಗಳು ವರ್ಷಾನುಗಟ್ಟಲೆ ಕಾಯಿ ಉದುರಿಸಿಕೊಂಡೇ ನಿಂತವು. 1899ರಲ್ಲಿ ಫ್ರೆಸ್ನೋದಲ್ಲಿ ಕಣಜ ನೆಲೆಯೂರಿದ ಮೇಲೆಯೇ ಹಣ್ಣು ಕಂಡವು. ಪುಣೆಯ ಅಂಜೂರ, ಬಳ್ಳಾರಿಯದು, ಉತ್ತರ ಕರ್ನಾಟಕದಲ್ಲಿ ಈಚೆಗೆ ಹಬ್ಬಿದ ಡಯಾನಾ ಇವೆಲ್ಲ ಪರಾಗವಿಲ್ಲದೆಯೇ ಹಣ್ಣಾಗುವ ಸಾಮಾನ್ಯ ಬಗೆಯವು, ಕಣಜದ ಹಂಗಿಲ್ಲ. ಜೋರ್ಡಾನ್ ಕಣಿವೆಯ ಗಿಲ್ಗಾಲ್‌ನಲ್ಲಿ ಸುಮಾರು 11,400 ವರ್ಷ ಹಳೆಯ ಒಂಬತ್ತು ಕರಕಲು ಅಂಜೂರಗಳು ಸಿಕ್ಕಿವೆ. 2006ರಲ್ಲಿ ಅವನ್ನು ವಿವರಿಸಿದ ವಿಜ್ಞಾನಿಗಳು, ಇವು ಪರಾಗವಿಲ್ಲದೆ ಆದ ಹಣ್ಣುಗಳು, ಹಾಗಾಗಿ ಮನುಷ್ಯರೇ ಟೊಂಗೆ ನೆಟ್ಟು ಬೆಳೆಸಿದವು ಎಂದು ವಾದಿಸಿದರು. ಎಲ್ಲರೂ ಅದನ್ನು ಒಪ್ಪಿಲ್ಲ. ಟೊಂಗೆ ನೆಟ್ಟರೆ ತಾಯಿಗಿಡವೇ ಮರಳಿ ಬರುತ್ತದೆ ಎಂಬುದು ಮನುಷ್ಯನಿಗೆ ಬಹಳ ಹಿಂದೆಯೇ ತಿಳಿದಿತ್ತು ಎನ್ನುವುದಂತೂ ದಿಟ.

ಹೊಸ ತಳಿ ಹುಟ್ಟುವುದು ಬೀಜದಿಂದ. ಒಂದೊಂದು ಬೀಜವೂ ಒಂದೊಂದು ಬೇರೆ ಗಿಡ. ಕಣಜ ಇರುವ ಕ್ಯಾಲಿಫೋರ್ನಿಯಾದಲ್ಲಿ ಹಕ್ಕಿಗಳು ಬೀಜ ಹಾಕಿ ಹೊಳೆದಂಡೆ, ರಸ್ತೆಬದಿಗಳಲ್ಲೆಲ್ಲ ಕಾಡು ಅಂಜೂರ ಎದ್ದಿವೆ. ಹವ್ಯಾಸಿಗಳು ಅವುಗಳ ರುಚಿ ನೋಡುತ್ತ ಅಲೆಯುತ್ತಾರೆ. ಕಣಜ ಇಲ್ಲದ ಕಡೆ ಬೀಜದೊಳಗೆ ಭ್ರೂಣವೇ ಇರುವುದಿಲ್ಲ, ಮೊಳೆಯುವುದಿಲ್ಲ. ಬೆಳಗಾವಿಯ ತೋಟದ ಅಂಜೂರದಿಂದ ಹೊಸ ಸಸಿ ತಾನಾಗಿ ಏಳದಿರುವುದು ಇದಕ್ಕೇ. ರವಿವಾರ ಪೇಟೆಯ ಅಂಗಡಿಗಳಲ್ಲಿ ದಾರಕ್ಕೆ ಪೋಣಿಸಿ ತೂಗುಹಾಕಿದ ಒಣ ಅಂಜೂರ ನಮಗೆಲ್ಲ ಪರಿಚಿತ, ಗೋಕಾಕ, ಅಮೀನಗಡದ ಕರದಂಟಿಗೂ ಅದು ಬೀಳುತ್ತದೆ. ತುರ್ಕಿಯ ಒಣ ಅಂಜೂರ ಅಗಿದಾಗ ಹಲ್ಲಿಗೆ ಕಟಕಟ ಸಿಗುವುದು ಫಲಿತ ಬೀಜ. ಅದನ್ನು ನೆನೆಸಿ ಬಿತ್ತಿದರೆ ಮೊಳೆಯಬಹುದು. ಆದರೆ ಸಸಿಗಳಲ್ಲಿ ಸುಮಾರು ಅರ್ಧ ಗಂಡು ಬಗೆಯವು, ತಿನ್ನಲು ಬಾರದ ಬೆಂಡು ಕಾಯಿ ಕೊಡುತ್ತವೆ. ಉಳಿದವುಗಳಲ್ಲೂ ಹೆಚ್ಚಿನವು ಕಣಜ ಸಿಗದೆ ಕಾಯಿ ಉದುರಿಸುತ್ತವೆ. ಕಣಜವಿಲ್ಲದ ಊರಿನಲ್ಲಿ ಕಾಯಿ ಹಿಡಿದು ನಿಂತ ಸಸಿ ಸಿಕ್ಕಿತೆಂದರೆ ಅದು ನಿಜಕ್ಕೂ ದೊಡ್ಡ ಸಂಗತಿ. ತಂಪು ನಾಡಿನವರ ಸಂಭ್ರಮ ನನಗೆ ಅರ್ಥವಾಗುತ್ತದೆ.

ವಿಜಯಪುರದ ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರ ಮುಂದೆ ಯಾವ ಹೊಸ ಹಣ್ಣಿನ ಮಾತು ತೆಗೆದರೂ ಮೊದಲ ಪ್ರಶ್ನೆ, “ಚಾಟ್ನಿ ಯಾವಾಗ ಮಾಡಬೇಕ್ರಿ?” ಚಾಟ್ನಿ ಎಂದರೆ ಟೊಂಗೆ ಕತ್ತರಿಸಿ ಸವರುವುದು. ಈ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. ದ್ರಾಕ್ಷಿಯೂ ಚಳಿಗೆ ಮಲಗುವ ನಾಡಿನಿಂದ ಬಂದ ಬಳ್ಳಿ. ಇಲ್ಲಿ ಅದಕ್ಕೆ ಮಲಗುವ ಕಾಲವಿಲ್ಲ, ಏಪ್ರಿಲ್ ಮತ್ತು ಅಕ್ಟೋಬರ್‌ನ ಚಾಟ್ನಿಯಿಂದಲೇ ರೈತರು ಅದರ ವರ್ಷವನ್ನು ಕಟ್ಟಿಕೊಟ್ಟಿದ್ದಾರೆ. ಅಂಜೂರಕ್ಕೂ ಅದೇ ಕತ್ತರಿ ಹಿಡಿದು ಹೋದರೆ ಏನಾಗುತ್ತದೆ ಎಂಬುದು ತಳಿಯನ್ನು ಅವಲಂಬಿಸಿದೆ. ಹೊಸ ಚಿಗುರಿನಲ್ಲಿ ಕಾಯಿ ಬಿಡುವ ತಳಿಯಾದರೆ ಸರಿ, ಮಳೆ ಹಿಂದೆಗೆದ ಮೇಲೆ ಚಾಟ್ನಿ ಮಾಡಿದರೆ ಬೇಸಿಗೆಯ ಮೊದಲ ಭಾಗಕ್ಕೆ ಹಣ್ಣು. ಡೆಸರ್ಟ್ ಕಿಂಗ್‌ನಂಥದ್ದಾದರೆ? ಅದು ಸ್ಯಾನ್ ಪೆಡ್ರೊ ಬಗೆಯದು. ಬ್ರೆಬಾ ಮಾತ್ರ ಪರಾಗವಿಲ್ಲದೆ ಹಣ್ಣಾಗುತ್ತದೆ, ಮುಖ್ಯ ಫಸಲಿಗೆ ಕಣಜ ಬೇಕು. ಕಳೆದ ವರ್ಷದ ಟೊಂಗೆಯನ್ನು ಕತ್ತರಿಸಿದರೆ ಬ್ರೆಬಾ ಹೋಯಿತು, ಕಣಜವಿಲ್ಲದ್ದರಿಂದ ಉಳಿದದ್ದೂ ಉದುರಿತು. ತಂಪು ನಾಡಿನಲ್ಲಿ ಅಷ್ಟು ಹೆಸರು ಮಾಡಿದ ಗಿಡ ಇಲ್ಲಿ ಬರೀ ಎಲೆ ಬಿಟ್ಟುಕೊಂಡು ನಿಲ್ಲುತ್ತದೆ. ಹೊಸ ತಳಿ ಎಂದು ಯಾರು ಸಸಿ ಕೊಟ್ಟರೂ, ಅದು ಯಾವ ಬಗೆ, ಯಾವ ಟೊಂಗೆಯಲ್ಲಿ ಕಾಯಿ ಎಂಬ ಎರಡು ಪ್ರಶ್ನೆ ಕೇಳದೆ ದುಡ್ಡು ಕೊಡಬಾರದು. ಹವ್ಯಾಸಿಗಳ ಹೊಗಳಿಕೆಯಲ್ಲಿ ಬಹುಮಟ್ಟಿಗೆ ಈ ಎರಡೇ ಬಿಟ್ಟುಹೋಗಿರುತ್ತವೆ.

ತುಕ್ಕುರೋಗದ ಬಗ್ಗೆಯೂ ಎಚ್ಚರ ಬೇಕು. ಮಳೆಗಾಲದ ಕೊನೆಯಲ್ಲಿ ನಮ್ಮ ಅಂಜೂರದ ಎಲೆಯಡಿ ಕಂದು ಪುಡಿಯಂತೆ ಕಾಣಿಸಿಕೊಂಡು, ಎಲೆಯನ್ನೆಲ್ಲ ಉದುರಿಸುವ ಶಿಲೀಂಧ್ರ ಇದು. ಬೆಚ್ಚಗಿನ ತೇವ ಅದಕ್ಕೆ ಇಷ್ಟ. ಯುರೋಪಿನ ಉತ್ತರದಲ್ಲಿ ಆಯ್ಕೆಯಾದ ತಳಿ ಇಂಥ ರೋಗವನ್ನು ಎದುರಿಸಿ ತೋರಿಸಿದ್ದೇ ಇಲ್ಲ. ಎಲೆ ಹೋದರೆ ಸಕ್ಕರೆ ಎಲ್ಲಿಂದ ಬರಬೇಕು? ಅಂಜೂರದ ಕಾಯಿ ಮೊದಲು ಬೇಗ ಹಿಗ್ಗಿ, ನಡುವೆ ವಾರಗಟ್ಟಲೆ ಸುಮ್ಮನಿದ್ದು, ಕೊನೆಯ ಹಂತದಲ್ಲಿ ಒಮ್ಮೆಲೇ ಉಬ್ಬುತ್ತದೆ, ಸಕ್ಕರೆಯ ಬಹುಪಾಲು ತುಂಬುವುದು ಆಗಲೇ. ಆ ಕೆಲವು ದಿನ ಎಲೆ ಆರೋಗ್ಯವಾಗಿರಬೇಕು, ಹಣ್ಣು ಗಿಡದಲ್ಲೇ ಇರಬೇಕು. ಕಾಯಿ ಕಿತ್ತು ಹುಲ್ಲಿನಲ್ಲಿಟ್ಟರೆ ಮೆತ್ತಗಾದೀತು, ಸಿಹಿಯಾಗದು. ಮೆಡಿಟರೇನಿಯನ್ ಕಡೆಯ ರೈತರು ಬಹು ಹಿಂದಿನಿಂದ ನಡುಹಂತದ ಕೊನೆಯಲ್ಲಿ ಕಾಯಿಯ ಕಣ್ಣಿಗೆ ಒಂದು ಹನಿ ಆಲಿವ್ ಎಣ್ಣೆ ಮುಟ್ಟಿಸಿ ಹಣ್ಣನ್ನು ಕೆಲವು ದಿನ ಮುಂದಕ್ಕೆ ತರುತ್ತಿದ್ದರು. ಎಣ್ಣೆ ತಾಗಿದ ಕಾಯಿಯಲ್ಲಿ ಎಥಿಲೀನ್ ಹೆಚ್ಚುತ್ತದೆ, ಮಾಗುವ ಕ್ರಿಯೆಗೆ ಚಾಲನೆ ಕೊಡುವುದು ಅದೇ ಅನಿಲ. ತೀರ ಎಳೆಯ ಕಾಯಿಗೆ ಹಚ್ಚಿದರೆ ಪ್ರಯೋಜನವಿಲ್ಲ.

ವಿದೇಶದ ಕಡ್ಡಿಯನ್ನು ಚೀಲದಲ್ಲಿ ಮುಚ್ಚಿ ತರುವ ಆಸೆ ಬೇಡ. ಅಂಜೂರದ ಮೊಸಾಯಿಕ್ ವೈರಸ್ ಕಡ್ಡಿಯ ಜೊತೆಗೇ ಬರುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯೊಂದು ಅದನ್ನು ಗಿಡದಿಂದ ಗಿಡಕ್ಕೆ ಹಬ್ಬಿಸುತ್ತದೆ. 2003ರ ಸಸ್ಯ ಸಂಪರ್ಕತಡೆ ಆದೇಶದ ಪ್ರಕಾರ ಅನುಮತಿ ಪಡೆದು, ಪರೀಕ್ಷೆಯಾಗಿಯೇ ಸಸ್ಯ ಒಳಬರಬೇಕು. ಅಂಥ ಕೆಲಸಕ್ಕೆ ನಮ್ಮಲ್ಲೇ ನೆಲೆಗಳಿವೆ: 2008ರಲ್ಲಿ ಆರಂಭವಾದ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ, ಗೋಕಾಕದ ಹತ್ತಿರ ಅರಭಾವಿಯ ತೋಟಗಾರಿಕೆ ಕಾಲೇಜು. ಒಂದೇ ತಳಿಯ ಕಡ್ಡಿಗಳನ್ನು ಖಾನಾಪುರದ ಮಸಾರಿ ನೆಲ, ಗೋಕಾಕದ ಎರಿಹೊಲ, ವಿಜಯಪುರದ ಒಣಭೂಮಿ ಮೂರರಲ್ಲೂ ಪುಣೆ ಮತ್ತು ಡಯಾನಾ ಗಿಡಗಳ ಪಕ್ಕದಲ್ಲೇ ನೆಟ್ಟು ನೋಡಿದರೆ ಅದರ ಗುಣ ಹೊರಬೀಳುತ್ತದೆ. ಮೊದಲ ಫಸಲು ನೋಡಿ ತೀರ್ಪು ಹೇಳುವಂತಿಲ್ಲ, ಎಳೆಯ ಗಿಡದ ಹಣ್ಣಿಗೆ ರುಚಿ ಸಪ್ಪೆ. ಸಕ್ಕರೆ ಅಳೆಯುವ ಬ್ರಿಕ್ಸ್ ಮೀಟರ್ ದ್ರಾಕ್ಷಿ ಬೆಳೆಗಾರರ ಮನೆಯಲ್ಲಿ ಹೇಗೂ ಇರುತ್ತದೆ. ಕಾಯಿ ಕಂಡ ದಿನ, ಹಣ್ಣಾದ ದಿನ, ಅಂದು ಮಳೆ ಬಿತ್ತೇ, ಎಲೆಗೆ ತುಕ್ಕು ಹತ್ತಿತ್ತೇ ಎಂದು ಬರೆದಿಟ್ಟುಕೊಂಡರೆ ಮೂರ್ನಾಲ್ಕು ವರ್ಷಕ್ಕೆ ನಂಬುವಂಥ ಲೆಕ್ಕ ಸಿಗುತ್ತದೆ.

ಸಸಿ ಮಾಡುವುದು ಇಲ್ಲಿಯವರಿಗೆ ಯಾರೂ ಕಲಿಸಬೇಕಿಲ್ಲ. ದಾಳಿಂಬೆಗೆ ಗುಟಿ ಕಟ್ಟಿ ಟೊಂಗೆಯಲ್ಲೇ ಬೇರು ಬರಿಸುವ ಕೈಗೆ ಅಂಜೂರ ಇನ್ನೂ ಸುಲಭ. ಚಳಿಯಲ್ಲಿ ಎಲೆ ಉದುರಿದಾಗ ಪೆನ್ಸಿಲ್ ದಪ್ಪದ, ಒಂದು ಗೇಣು ಉದ್ದದ ಬಲಿತ ಕಡ್ಡಿಯನ್ನು ನೀರು ಬಸಿಯುವ ಮಣ್ಣಿನಲ್ಲಿ ಊರಿದರೆ ಬೇರು ಬಿಡುತ್ತದೆ. ಬೇರುಗಂಟು ಜಂತುಹುಳು ಇರುವ ಹಳೆಯ ತರಕಾರಿ ಮಡಿಯ ಮಣ್ಣು ಮಾತ್ರ ಬೇಡ. ಕತ್ತರಿಸುವಾಗ ತುಂಬುತೋಳಿನ ಅಂಗಿ ಹಾಕಿಕೊಳ್ಳಬೇಕು, ಅಂಜೂರದ ಹಾಲು ಚರ್ಮಕ್ಕೆ ತಾಗಿ ಮೇಲೆ ಬಿಸಿಲು ಬಿದ್ದರೆ ಬೊಬ್ಬೆ ಏಳುತ್ತದೆ.