ಗಾಳಿ ಬೀಸದಿದ್ದರೂ ಚೆಂಡು ಬಾಗುತ್ತದೆ

ಎಲೆ ಅಲುಗದ ಸಂಜೆಯಲ್ಲೂ ಫುಟ್‌ಬಾಲ್‌ನ ಫ್ರೀ ಕಿಕ್ (ಎದುರಾಳಿ ತಪ್ಪು ಮಾಡಿದಾಗ ನಿಲ್ಲಿಸಿದ ಚೆಂಡನ್ನು ಒದೆಯುವುದು) ಬಾಗುತ್ತದೆ. ಆದರೂ ಗೋವಾದ ವಾಸ್ಕೋದ ಬೈನಾದಲ್ಲಿ ಚೆಂಡು ಅಡ್ಡ ನಿಂತವರನ್ನು ಬಳಸಿಕೊಂಡು ಗೋಲಿಗೆ ನುಗ್ಗಿದರೆ, ನಮ್ಮ ಕನ್ನಡದ ಹುಡುಗರು ‘ಕಡಲ ಗಾಳಿ ಎಳೀತು’ ಅಂತಾರೆ. ಇಲ್ಲಾಂದ್ರೆ ಒದ್ದವನ ಅದೃಷ್ಟದ ಸಾಕ್ಸ್‌ಗೆ ಹೆಸರು. ನನಗೆ ಬೇಸರವಾಗುತ್ತದೆ. ಸುಮ್ನೆ ನಿಂತ ಗಾಳಿ ಎಷ್ಟು ಕೆಲಸ ಮಾಡುತ್ತದೆ ಗೊತ್ತಾ?

ಬಲಗಾಲಿನ ಆಟಗಾರ ಪಾದದ ಒಳಬದಿಯಿಂದ ಚೆಂಡಿನ ಬಲಮಗ್ಗುಲಿಗೆ ಒದೆಯುತ್ತಾನೆ ಅನ್ನಿ. ಮೇಲಿನಿಂದ ನೋಡಿದರೆ ಚೆಂಡು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಗಿರಗಿರ ಸುತ್ತುತ್ತಾ ಹೊರಡುತ್ತದೆ. ಅದರ ಮೈಗೆ ಗಾಳಿಯ ತೆಳು ಪದರ ಅಂಟಿಕೊಂಡಿರುತ್ತದೆ. ಎಡಮಗ್ಗುಲು ಹಿಂದಕ್ಕೆ ಸರಿಯುತ್ತಿರುತ್ತದೆ, ಚೆಂಡಿನ ಕಡೆಯಿಂದ ನೋಡಿದರೆ ಗಾಳಿಯೂ ಹಿಂದಕ್ಕೇ ಹರಿಯುತ್ತಿರುತ್ತದೆ. ಹಾಗಾಗಿ ಅಲ್ಲಿನ ಪದರ ಚೆಂಡಿನ ಬೆನ್ನು ಸುತ್ತುವವರೆಗೂ ಬಿಡುವುದಿಲ್ಲ. ಬಲಮಗ್ಗುಲು ಗಾಳಿಗೆ ಎದುರು ನುಗ್ಗುತ್ತದೆ. ಅಲ್ಲಿ ಪದರ ಬೇಗ ಕಳಚಿಕೊಳ್ಳುತ್ತದೆ. ಕೊನೆಗೆ ಚೆಂಡಿನ ಹಿಂದಿನ ಗಾಳಿಯೆಲ್ಲ ಬಲಕ್ಕೆ ವಾಲುತ್ತದೆ. ಚೆಂಡು ಗಾಳಿಯನ್ನು ಬಲಕ್ಕೆ ತಳ್ಳಿತು, ಗಾಳಿ ಚೆಂಡನ್ನು ಎಡಕ್ಕೆ ತಳ್ಳಿತು. ಜುವಾರಿ ನದಿಯಲ್ಲಿ ದೋಣಿಯವನು ಹುಟ್ಟು ಹಾಕಿ ನೀರನ್ನು ಹಿಂದಕ್ಕೆ ನೂಕಿ ತಾನು ಮುಂದೆ ಹೋಗ್ತಾನಲ್ವಾ, ಅದೇ ಲೆಕ್ಕ.

ಜರ್ಮನಿಯ ಗುಸ್ತಾವ್ ಮ್ಯಾಗ್ನಸ್ 1852ರಲ್ಲಿ ಇದನ್ನು ವಿವರಿಸಿದ. ಅದಕ್ಕೇ ಮ್ಯಾಗ್ನಸ್ ಪರಿಣಾಮ ಅನ್ನುವ ಹೆಸರು. ಆದರೆ ಟೆನಿಸ್ ಚೆಂಡು ಬಾಗುವುದನ್ನು ನ್ಯೂಟನ್ 1672ರಲ್ಲೇ ಬರೆದಿದ್ದ. ಬಂದೂಕಿನ ಗುಂಡು ಯಾಕೆ ದಾರಿ ತಪ್ಪುತ್ತದೆ ಅಂತ ತಲೆ ಕೆಡಿಸಿಕೊಂಡು ಸುತ್ತುವಿಕೆಯೇ ಕಾರಣ ಎಂದವನು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್. ಆತ ಈಸ್ಟ್ ಇಂಡಿಯಾ ಕಂಪನಿಯ ಕೋಟೆ ಕೆಲಸಕ್ಕೆ ಭಾರತಕ್ಕೆ ಬಂದು, 1751ರಲ್ಲಿ ಕಡಲೂರಿನ ಹತ್ತಿರ ತೀರಿಕೊಂಡ. ಹೆಸರು ಅವನಿಗೇ ಸಲ್ಲಬೇಕಿತ್ತು ಅಂತ ನನಗನ್ನಿಸುತ್ತದೆ.

1997ರಲ್ಲಿ ಲಿಯಾನ್‌ನಲ್ಲಿ ಬ್ರೆಜಿಲ್‌ನ ರಾಬರ್ಟೊ ಕಾರ್ಲೊಸ್ ಫ್ರಾನ್ಸ್ ವಿರುದ್ಧ ಸುಮಾರು 35 ಮೀಟರ್ ದೂರದಿಂದ ಒದ್ದ. ಗೋಲಿನಿಂದ ಆಚೆ ನಿಂತಿದ್ದ ಬಾಲ್ ಬಾಯ್ ತನಗೇ ಬಡಿಯುತ್ತೆ ಅಂತ ತಲೆ ತಗ್ಗಿಸಿದ. ಚೆಂಡು ಬಾಗಿ ಪೋಸ್ಟಿಗೆ ತಾಗಿ ಒಳಗೆ ಹೋಯಿತು. ಹಾರುತ್ತಾ ಚೆಂಡಿನ ವೇಗ ಬೇಗ ಕುಗ್ಗುತ್ತದೆ, ಸುತ್ತು ಅಷ್ಟು ಬೇಗ ಕುಗ್ಗುವುದಿಲ್ಲ. ಕೊನೆಯಲ್ಲಿ ತಿರುವು ಜಾಸ್ತಿಯಾಗುವುದು ಅದಕ್ಕೇ.

ಇನ್ನೂ ಸೊಗಸಾದ ವಿಷಯ ಒಂದಿದೆ. ಬೀಚಿನಲ್ಲಿ ಮಕ್ಕಳು ಒದೆಯುವ ನುಣುಪಾದ ಪ್ಲಾಸ್ಟಿಕ್ ಚೆಂಡು ಕೆಲವೊಮ್ಮೆ ಉಲ್ಟಾ ಬಾಗುತ್ತದೆ! ಗಾಳಿಗೆ ಎದುರು ನುಗ್ಗುವ ಮಗ್ಗುಲಲ್ಲಿ ಮಾತ್ರ ಪದರ ಕದಡಿ ಸುಳಿಸುಳಿಯಾಗುತ್ತದೆ. ಕದಡಿದ ಪದರ ಹೆಚ್ಚು ಹೊತ್ತು ಅಂಟಿರುತ್ತದೆ. ಹಾಗಾಗಿ ತಳ್ಳಾಟವೂ ಅದಲುಬದಲು. ನಿಜವಾದ ಫುಟ್‌ಬಾಲ್‌ನ ಹೊಲಿಗೆ ಎರಡೂ ಮಗ್ಗುಲಲ್ಲಿ ಪದರವನ್ನು ಕದಡುತ್ತದೆ. ಚೆಂಡು ಹೇಳಿದ ಮಾತು ಕೇಳುವುದು ಆ ಹೊಲಿಗೆಯಿಂದ.

ಕರಾವಳಿಯ ತೇವದ ಗಾಳಿ ಭಾರ ಅಂತ ನಂಬಿದವರೂ ಇದ್ದಾರೆ. ತಾಪ, ಒತ್ತಡ ಒಂದೇ ಇದ್ದರೆ ತೇವದ ಗಾಳಿಯೇ ಹಗುರ. ನಿಜವಾಗಿ ಲೆಕ್ಕಕ್ಕೆ ಬರುವುದು ಊರಿನ ಎತ್ತರ. ಬೆಳಗಾವಿ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ. ಅಲ್ಲಿನ ಗಾಳಿ ಕರಾವಳಿಯ ಮಡಗಾಂವ್‌ಗಿಂತ ಹತ್ತಿರ ಹತ್ತಿರ ಶೇಕಡ 7ರಷ್ಟು ತೆಳು. ತೆಳು ಗಾಳಿ ಚೆಂಡನ್ನು ಕಡಿಮೆ ತಳ್ಳುತ್ತದೆ, ಹಾಗಾಗಿ ಅಲ್ಲಿಗಿಂತ ಇಲ್ಲಿ ಚೆಂಡು ಹೆಚ್ಚು ಬಾಗುತ್ತದೆ. ಚೋರ್ಲಾ ಘಾಟಿ ಇಳಿದು ಇಲ್ಲಿ ಆಡಲು ಬರುವ ಬೆಳಗಾವಿ ಹುಡುಗರು ಮೊದಲ ಪ್ರಾಕ್ಟೀಸ್‌ನಲ್ಲೇ ಗುರಿಯನ್ನು ಒಂಚೂರು ಹೊರಗಿಟ್ಟು ಒದ್ದು ನೋಡಲಿ.